ಮೂರನೇ ಸಾಲಿನ ನಗು

ಆವತ್ತು ಬೆಳಗ್ಗೆ ನಗೆಯಣ್ಣ ಮುಖ ತೊಳೆದ ಮೇಲೂ ಕನ್ನಡಿ ಬಿಟ್ಟು ಕದಲಲಿಲ್ಲ. ಹುಬ್ಬು ಗಂಟಿಕ್ಕಿದ, ತುಟಿ ಬಿಗಿದ, ಕೆನ್ನೆ ಇಳಿಬಿಟ್ಟ. ಮುಖ ಒಂದು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಬಾಯಿಯ ಎಡಮೂಲೆ ತಾನಾಗಿಯೇ ಮೇಲಕ್ಕೆದ್ದಿತು. ಅದನ್ನು ಬೆರಳಿಂದ ಒತ್ತಿ ಕೆಳಗಿಳಿಸಿದರೆ ಬಲಮೂಲೆ ಎದ್ದಿತು. ನಗುವುದನ್ನೇ ಕಸುಬು ಮಾಡಿಕೊಂಡ ಮುಖಕ್ಕೆ ಒಂದೇ ಬೆಳಗಿನಲ್ಲಿ ಅಳು ಕಲಿಸುವುದು ಸುಲಭವಲ್ಲ.

ಕಸುಬು ಎಂದದ್ದು ಮಾತಿನ ಸೊಗಸಿಗಲ್ಲ. ಅವನು ಊರಿನ ನಾಟಕ ಕಂಪನಿಯ ನೌಕರ. ವೇಷದ ಬಟ್ಟೆಗೆ ಗುಂಡಿ ಹೊಲಿಯುವುದು, ಇಸ್ತ್ರಿ ಹಾಕುವುದು ಹೇಳಿಕೊಳ್ಳುವುದಕ್ಕೆ ಇದ್ದ ಕೆಲಸ. ಸಂಬಳ ಬರುತ್ತಿದ್ದದ್ದು ಮಾತ್ರ ಇನ್ನೊಂದಕ್ಕೆ. ನಾಟಕ ಶುರುವಾಗುವ ಮುಂಚೆ ಅವನು ಟಿಕೆಟ್ ಕೊಂಡವನ ಹಾಗೆ ಒಳಗೆ ಹೋಗಿ ಮೂರನೇ ಸಾಲಿನ ನಡುವೆ ಕೂತುಕೊಳ್ಳಬೇಕು; ಹಾಸ್ಯದ ಮಾತು ಬಂದ ಕೂಡಲೇ ಎಲ್ಲರಿಗಿಂತ ಮೊದಲು ನಗಬೇಕು. ಅವನ ನಗು ಹೊಟ್ಟೆಯಲ್ಲಿ ಗುಡುಗುಡು ಎಂದು ಶುರುವಾಗಿ, ಮೂಗಿನಲ್ಲಿ ಒಂದು ಸೀಟಿ ಹೊಡೆದು, ಆಮೇಲೆ ಮಡಕೆ ಒಡೆದ ಹಾಗೆ ಭಳ್ಳೆಂದು ಹೊರಗೆ ಬರುತ್ತಿತ್ತು. ಅದು ಕಿವಿಗೆ ಬಿದ್ದರೆ ಮಾತು ಅರ್ಥವಾಗದವರೂ ನಗುತ್ತಿದ್ದರು, ಅರ್ಥವಾಗಿ ಬೇಜಾರು ಮಾಡಿಕೊಂಡವರೂ ನಗುತ್ತಿದ್ದರು. ನಟರಿಗಂತೂ ಅದು ಅಭ್ಯಾಸವೇ ಆಗಿಹೋಗಿತ್ತು. ಒಂದು ಮಾತು ಹೇಳುವುದು, ಮೂರನೇ ಸಾಲಿನ ಕಡೆ ನೋಡುತ್ತ ನಿಲ್ಲುವುದು, ನಗು ಮುಗಿದ ಮೇಲೆ ಮುಂದಿನ ಮಾತು ಹೇಳುವುದು. ನಗೆಯಣ್ಣನಿಗೆ ನೆಗಡಿಯಾದರೆ ನಾಟಕವೇ ಕುಂಟುತ್ತಿತ್ತು.

ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು, ಪತ್ರಿಕೆಯಲ್ಲಿ ‘ತಕ್ಕಡಿ’ ಎಂಬ ಹೆಸರಿನಿಂದ ವಿಮರ್ಶೆ ಬರೆಯುವವರು ಅಡ್ಡ ಬರುವ ತನಕ. ಆ ತಕ್ಕಡಿ ಯಾರೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೋದ ತಿಂಗಳು ಅವರು ಬರೆದರು: ‘ಈ ಕಂಪನಿಯ ನಾಟಕದಲ್ಲಿ ನಗು ಸಭಿಕರ ಹೊಟ್ಟೆಯಿಂದ ಬರುತ್ತಿಲ್ಲ, ಮೂರನೇ ಸಾಲಿನಿಂದ ಬರುತ್ತಿದೆ ಎಂದು ನನಗೆ ಗುಮಾನಿ. ಬಾಡಿಗೆ ನಗು ಕಲೆಯಲ್ಲ.’

ಕಂಪನಿಯ ಯಜಮಾನರು ಅದನ್ನು ಓದಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಅವರ ಮನಸ್ಸಿನಲ್ಲಿ ‘ಬಾಡಿಗೆ’ ಎಂಬ ಮಾತು ಮಾಸಿಹೋಗಿ ‘ನಗು ಕಲೆಯಲ್ಲ’ ಎಂಬುದಷ್ಟೇ ಉಳಿಯಿತು. ಹಾಗಾದರೆ ಜನರನ್ನು ಅಳಿಸಿಯೇ ತೋರಿಸುತ್ತೇನೆ ಎಂದು ಹಟಕ್ಕೆ ಬಿದ್ದು, ತಾವೇ ಕೂತು ‘ತಂದೆಯ ಕೊನೆಯ ಉಸಿರು’ ಎಂಬ ದುಃಖದ ನಾಟಕ ಬರೆದರು. ಅದರ ಮೊದಲ ಪ್ರದರ್ಶನ ಈ ದಿನ ಮಧ್ಯಾಹ್ನ. ತಕ್ಕಡಿಯವರು ಬರುತ್ತಾರೆ ಎಂದು ಪತ್ರಿಕೆಯ ಕಚೇರಿಯಿಂದ ಸುದ್ದಿಯೂ ಬಂದಿತ್ತು.

ಹಿಂದಿನ ದಿನವೇ ಯಜಮಾನರು ನಗೆಯಣ್ಣನನ್ನು ಕರೆದು ಖಡಾಖಂಡಿತವಾಗಿ ಹೇಳಿದ್ದರು. ಒಂದು ಸಲ ಸೀಟಿ ಕೇಳಿಸಿದರೂ ಕೆಲಸ ಹೋಯಿತು ಎಂದೇ ತಿಳಿಯಬೇಕು. ಬಾಯಿ ಮುಚ್ಚಿಕೊಂಡು ಕೂತರೆ ಇದೇ ಸಂಬಳದಲ್ಲಿ ವೇಷದ ಕೋಣೆಯ ಉಸ್ತುವಾರಿ ಕೊಡುತ್ತಾರೆ. ಕೆಲಸ ಹೋದರೆ ಎಲ್ಲಿಗೆ ಹೋಗಬೇಕೆಂಬುದು ನಗೆಯಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿಯ ಅಣ್ಣನದೊಂದು ನಟ್ಟು ಬೋಲ್ಟಿನ ಅಂಗಡಿಯಿದೆ. ನಗುವುದರಿಂದ ವ್ಯಾಪಾರಕ್ಕೆ ನಷ್ಟ ಎಂದು ನಂಬಿದ ಮನುಷ್ಯ ಆತ. ಆತನ ಕಣ್ಣೆದುರು ಕೂತು ದಿನವಿಡೀ ಬೋಲ್ಟು ವಿಂಗಡಿಸುವ ಬದುಕನ್ನು ನೆನೆದರೆ ನಗೆಯಣ್ಣನಿಗೆ ನಿಜವಾಗಿಯೂ ಅಳು ಬರುತ್ತಿತ್ತು.

ಹಾಗೆ ನೆನೆದದ್ದೇ ತಡ, ಕನ್ನಡಿಯಲ್ಲಿನ ಮುಖ ತಾನಾಗಿಯೇ ಜೋತುಬಿತ್ತು. ಇದೇ ಸರಿಯಾದ ದಾರಿ ಎಂದುಕೊಂಡು ಅವನು ಆ ಮುಖವನ್ನು ತುಂಬಿದ ಬಿಂದಿಗೆಯ ಹಾಗೆ ಅಲುಗಾಡಿಸದೆ ಅಡುಗೆಮನೆಗೆ ತಂದ. ಹೆಂಡತಿ ಕಾಫಿ ಸೋಸುತ್ತಿದ್ದವಳು ತಿರುಗಿ ನೋಡಿದಳು.

“ಏನ್ರೀ ಇದು? ನಿಮ್ಮ ಮುಖ ಇಲ್ಲಿದೆ, ಮನಸ್ಸು ಎಲ್ಲೋ ಇದೆ. ನನ್ನಿಂದ ಏನು ಮುಚ್ಚಿಡ್ತಿದ್ದೀರಿ?”

ನಾಟಕಕ್ಕೆ ಅಭ್ಯಾಸ ಮಾಡುತ್ತಿದ್ದೇನೆ ಎಂದ. ಅವಳು ನಂಬಲಿಲ್ಲ. ಮದುವೆಯಾದ ಲಾಗಾಯ್ತು ಈ ಮನುಷ್ಯ ಹೇಳಿದ್ದರಲ್ಲಿ ಯಾವುದು ತಮಾಷೆ ಯಾವುದು ನಿಜ ಎಂದು ಅವಳಿಗೆ ತಿಳಿದದ್ದೇ ಇಲ್ಲ. ಆದ್ದರಿಂದ ಎಲ್ಲವನ್ನೂ ಅರ್ಧಕ್ಕರ್ಧ ಕಳೆದು ಕೇಳಿಸಿಕೊಳ್ಳುವುದು ಅವಳಿಗೆ ರೂಢಿಯಾಗಿತ್ತು.

ಬೀದಿಗೆ ಬಂದರೆ ಎದುರುಮನೆಯ ಪೋಸ್ಟ್‌ಮಾಸ್ತರರು ಗೇಟಿನ ಹತ್ತಿರ ನಿಂತಿದ್ದರು. ಕೆಲಸದಿಂದ ನಿವೃತ್ತರಾಗಿದ್ದರೂ ಸುದ್ದಿ ಮನೆಮನೆಗೆ ಮುಟ್ಟಿಸುವುದನ್ನು ಅವರು ಬಿಟ್ಟಿರಲಿಲ್ಲ. ನಗೆಯಣ್ಣನ ಮುಖ ನೋಡಿ ಹತ್ತಿರ ಬಂದು, ದನಿ ತಗ್ಗಿಸಿ, ಯಾರು ಹೋದರು ಎಂದು ಕೇಳಿದರು. ಹೆಚ್ಚು ಮಾತಾಡಿದರೆ ಮುಖದ ಹದ ಕೆಡುತ್ತದೆಂಬ ಭಯಕ್ಕೆ ಅವನು, “ಯಾರೂ ಇಲ್ಲ” ಎಂದಷ್ಟೇ ಹೇಳಿ ಮುಂದೆ ನಡೆದ. ಯಾರೂ ಇಲ್ಲ ಎನ್ನುವಾಗ ಅವನ ದನಿ ನಡುಗಿದ್ದನ್ನು ಪೋಸ್ಟ್‌ಮಾಸ್ತರರು ಗಮನಿಸಿದರು. ಹೋದವರು ಬಹಳ ಹತ್ತಿರದವರೇ ಇರಬೇಕು, ಹೆಂಡತಿಗೆ ಇನ್ನೂ ತಿಳಿಸಿಲ್ಲ ಎಂದು ತೀರ್ಮಾನಿಸಿ ಚಪ್ಪಲಿ ಮೆಟ್ಟಿಕೊಂಡು ಅವನ ಮನೆಯ ಕಡೆ ಹೊರಟರು.

ಕಂಪನಿಯಲ್ಲಿ ಬೇರೆಯೇ ಥರದ ಗುಮಾನಿ ಕಾದಿತ್ತು. ವೇಷದ ಕೋಣೆಗೆ ಹೋದರೆ ಅಲ್ಲಿದ್ದವರೆಲ್ಲ ಅವನ ಬಾಯಿಯನ್ನೇ ನೋಡಿದರು. ಸಾಯುವ ತಂದೆಯ ಪಾತ್ರದ ಹಿರಿಯ ನಟ ಅಂಟುಮೀಸೆ ಹಚ್ಚಿಕೊಳ್ಳುತ್ತಿದ್ದವನು ಕನ್ನಡಿಯಲ್ಲೇ ಅವನನ್ನು ದುರುಗುಟ್ಟಿ ನೋಡಿದ.

“ನಗೆಯಣ್ಣ, ನೇರವಾಗಿ ಕೇಳ್ತೀನಿ. ಈ ನಾಟಕ ಗೆದ್ದರೆ ಕಂಪನಿ ಇನ್ನು ಮೇಲೆ ದುಃಖದ ನಾಟಕಾನೇ ಆಡೋದು. ಆಗ ನಿನ್ನ ನಗು ಯಾರಿಗೆ ಬೇಕು? ನೀನು ಬೇಕಂತಲೇ ನಗ್ತೀಯ ಅಂತ ಎಲ್ಲರಿಗೂ ಅನುಮಾನ.”

ನಗೆಯಣ್ಣನಿಗೆ ಇದು ಹೊಳೆದೇ ಇರಲಿಲ್ಲ. ಹಾಗೆಲ್ಲ ಮಾಡುವವನಲ್ಲ ಎಂದು ಆಣೆ ಮಾಡಿ ಹೇಳಿದ. ಆದರೆ ಹೇಳಿದ ಮೇಲೆ ಅವನಿಗೇ ತನ್ನ ಮೇಲೆ ಅನುಮಾನ ಹುಟ್ಟಿತು. ತನಗೆ ತಿಳಿಯದ ಹಾಗೆ ತನ್ನ ಹೊಟ್ಟೆಯೇ ಒಳಗೊಳಗೆ ಸಂಚು ನಡೆಸುತ್ತಿದ್ದರೆ ಯಾರೇನು ಮಾಡುವುದು?

ಅವನು ಯಜಮಾನರ ಬಳಿ ಹೋಗಿ, ಈ ದಿನ ತಾನು ಒಳಗೆ ಕೂರುವುದೇ ಬೇಡ, ಹೊರಗಿನ ಕಟ್ಟೆಯ ಮೇಲಿರುತ್ತೇನೆ ಎಂದು ಬೇಡಿಕೊಂಡ. ಯಜಮಾನರು ಒಪ್ಪಲಿಲ್ಲ. ಆ ಕುರ್ಚಿ ಖಾಲಿ ಕಂಡರೆ ನಟರು ಗಾಬರಿಯಾಗಿ ಮಾತು ಮರೆಯುತ್ತಾರಂತೆ. ಅದಕ್ಕಿಂತ ಹೆಚ್ಚಾಗಿ, ಅವನು ಕಣ್ಣಿಗೆ ಕಾಣದೆ ಹೊರಗೆಲ್ಲೋ ಇದ್ದರೆ ಯಾವ ಕಿಟಕಿಯಿಂದ ನಗುತ್ತಾನೋ ಎಂಬ ಚಿಂತೆ. “ನನ್ನ ಕಣ್ಣೆದುರಿಗೇ ಕೂತಿರು” ಎಂದರು.

ಮಧ್ಯಾಹ್ನ ಸಭಾಂಗಣ ತುಂಬಿತು. ನಗೆಯಣ್ಣನ ಎಡಕ್ಕೆ ಕನ್ನಡಕದ ಒಬ್ಬ ಗಂಡಸು ಕೆನ್ನೆಗೆ ಕೈ ಹಚ್ಚಿ, ಹುಬ್ಬು ಗಂಟಿಕ್ಕಿ ಕೂತಿದ್ದ. ಜಗತ್ತಿನ ಭಾರವನ್ನೆಲ್ಲ ಆ ಒಂದು ಕೆನ್ನೆಯ ಮೇಲೆ ಹೊತ್ತವನ ಹಾಗಿದ್ದ. ನೋಡಿದ ತಕ್ಷಣ ಇವನೇ ತಕ್ಕಡಿ ಎಂದು ನಗೆಯಣ್ಣನಿಗೆ ಖಾತ್ರಿಯಾಯಿತು. ಪರದೆಯ ಸಂದಿನಿಂದ ಇಣುಕಿದ ಯಜಮಾನರಿಗೂ ಹಾಗೆಯೇ ಅನ್ನಿಸಿರಬೇಕು, ಅವನನ್ನು ಕಣ್ಣಲ್ಲೇ ತೋರಿಸಿ ತಲೆಯಾಡಿಸಿದರು. ಬಲಕ್ಕೆ ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡ ದಪ್ಪನೆಯ ಹೆಂಗಸೊಬ್ಬರು ಕೂತಿದ್ದರು. ಅವರು ಅಕ್ಕಪಕ್ಕ, ಹಿಂದೆ ಮುಂದೆ ಎಲ್ಲರ ಮುಖವನ್ನೂ ಏನನ್ನೋ ಕಳೆದುಕೊಂಡು ಹುಡುಕುವವರ ಹಾಗೆ ನೋಡುತ್ತಿದ್ದರು. ನಗೆಯಣ್ಣನ ಮುಖವನ್ನೂ ನೋಡಿ, ಅಲ್ಲೇನೂ ಸಿಗದೆ, ಮುಂದಿನವರ ಕಡೆ ತಿರುಗಿದರು.

ಪರದೆ ಎದ್ದಿತು. ತಂದೆ ಮಂಚದ ಮೇಲೆ ಮಲಗಿದ್ದಾನೆ. ಆ ಮಂಚವನ್ನು ನೋಡಿದ್ದೇ ನಗೆಯಣ್ಣ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ.

ಅದು ಕಂಪನಿಯ ಹಳೆಯ ಹಾಸ್ಯದ ಮಂಚ. ಎಡಕ್ಕೆ ಭಾರ ಬಿದ್ದರೆ ಕಾಲು ಮಡಚಿಕೊಂಡು ಮಲಗಿದವನನ್ನು ಉರುಳಿಸುವಂತೆ ಬಡಗಿ ಅದನ್ನು ಮಾಡಿದ್ದ. ಕಂಪನಿಯಲ್ಲಿದ್ದ ಕುರ್ಚಿ, ಬಾಗಿಲು, ಮೇಜು ಎಲ್ಲವೂ ಇದೇ ಜಾತಿಯವು. ಬೇರೆ ಸಾಮಾನೇ ಇರಲಿಲ್ಲ. ಗಟ್ಟಿ ಮಾಡು ಎಂದು ಯಜಮಾನರು ಬಡಗಿಗೆ ಹೇಳಿದ್ದೇನೋ ನಿಜ. ಆದರೆ ಇಷ್ಟು ವರ್ಷ ಅವರ ಬಾಯಿಂದ ತಮಾಷೆಯನ್ನೇ ಕೇಳಿದ್ದ ಬಡಗಿ ಇದೂ ಒಂದು ತಮಾಷೆ ಎಂದು ನಕ್ಕು, ಮಂಚದ ಕಾಲಿಗೆ ಇನ್ನಷ್ಟು ಎಣ್ಣೆ ಬಿಟ್ಟಿದ್ದ.

ತಂದೆ ನಡುಗುವ ಕೈಯನ್ನು ಎತ್ತಿ, “ಮಗನೇ, ನಾನಿನ್ನು ಹೊರಟೆ” ಎಂದು ಎಡಕ್ಕೆ ಹೊರಳಿದ. ಕಾಲು ಮಡಚಿತು. ತಂದೆ ಹೊದಿಕೆಯ ಸಮೇತ ಉರುಳುತ್ತ ರಂಗದ ಅಂಚಿನವರೆಗೂ ನಿಜವಾಗಿಯೇ ಹೊರಟುಬಂದ.

ಅಲ್ಲಿಗೆ ನಾಟಕ ನಿಂತಿತು. ಮಗನ ಪಾತ್ರಧಾರಿ ಅಭ್ಯಾಸಬಲದಿಂದ ಮೂರನೇ ಸಾಲಿನ ಕಡೆ ತಿರುಗಿ ಕಾಯುತ್ತ ನಿಂತ. ಕೆಳಗೆ ಬಿದ್ದಿದ್ದ ತಂದೆಯೂ ಒಂದು ಕಣ್ಣು ತೆರೆದು ಅತ್ತಲೇ ನೋಡಿದ. ನಗು ಬಂದು ಮುಗಿಯದೆ ಮುಂದಿನ ಮಾತು ಹೇಳುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಕಾಯಂ ಪ್ರೇಕ್ಷಕರೂ ಕತ್ತು ಹೊರಳಿಸಿ ಅವನನ್ನೇ ನೋಡಿದರು. ನಗೆಯಣ್ಣನ ಹೊಟ್ಟೆಯಲ್ಲಿ ಗುಡುಗುಡು ಶುರುವಾಗಿಯೇ ಬಿಟ್ಟಿತ್ತು. ಅವನು ಕಣ್ಣು ಮುಚ್ಚಿ ಭಾವನ ಅಂಗಡಿಯನ್ನು ನೆನೆದ. ದೊಡ್ಡ ಬೋಲ್ಟು, ಸಣ್ಣ ಬೋಲ್ಟು, ಅದಕ್ಕಿಂತ ಸಣ್ಣದು. ಗುಡುಗು ನಿಧಾನವಾಗಿ ಅಡಗಿತು. ಅವನು ನಗದ್ದನ್ನು ಕಂಡು ಪ್ರೇಕ್ಷಕರು, ಇದರಲ್ಲಿ ತಮಗೆ ತಿಳಿಯದ ಯಾವುದೋ ಘನವಾದ ಅರ್ಥ ಇರಬೇಕೆಂದು ಶಂಕಿಸಿ, ಉಸಿರು ಬಿಗಿಹಿಡಿದು ಕೂತರು. ಬಹಳ ಹೊತ್ತಿನ ಮೇಲೆ ಪರದೆಯ ಹಿಂದಿನಿಂದ ಯಾರೋ ಮುಂದಿನ ಮಾತನ್ನು ಪಿಸುಗುಟ್ಟಿದ ಮೇಲೆ ಮಗ ಅಳತೊಡಗಿದ.

ಆದರೆ ಬಲಗಡೆಯ ಕುರ್ಚಿ ಅಲುಗುತ್ತಿತ್ತು. ಆ ಹೆಂಗಸು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಕುಲುಕುತ್ತಿದ್ದರು. ಪಕ್ಕದಲ್ಲಿ ಯಾರಾದರೂ ನಕ್ಕರೆ ತನ್ನ ಕಟ್ಟೆ ಒಡೆಯುವುದು ಖಂಡಿತ ಎಂದು ನಗೆಯಣ್ಣನಿಗೆ ದಿಗಿಲಾಯಿತು. ಬಗ್ಗಿ, ದಯವಿಟ್ಟು ನಗಬೇಡಿ, ಇದು ಗಂಭೀರ ನಾಟಕ ಎಂದು ಪಿಸುಗುಟ್ಟಿದ. ಅವರು ತಪ್ಪಾಯಿತು ಎನ್ನುವಂತೆ ತಲೆಯಾಡಿಸಿದರು.

ಎರಡನೇ ಅಂಕದಲ್ಲಿ ಡಾಕ್ಟರು ಬಂದು, “ಇನ್ನು ನನ್ನ ಕೈಯಲ್ಲೇನೂ ಇಲ್ಲ” ಎಂದು ಹೊರಡಲು ಬಾಗಿಲಿಗೆ ಕೈಹಾಕಿದ. ಬಾಗಿಲು ಚೌಕಟ್ಟಿನ ಸಮೇತ ಅವನ ಕೈಗೇ ಬಂತು. ಅದನ್ನು ಹಿಡಿದುಕೊಂಡೇ ಅವನು ಮೂರನೇ ಸಾಲಿನ ಕಡೆ ತಿರುಗಿ ಕಾಯತೊಡಗಿದ. ನಗೆಯಣ್ಣ ಮನಸ್ಸಿನಲ್ಲಿ ಭಾವನ ಅಂಗಡಿಯ ಕಪಾಟಿನ ಕಪಾಟನ್ನೇ ಖಾಲಿ ಮಾಡುತ್ತಿದ್ದ. ಹೆಂಗಸಿನ ಕರವಸ್ತ್ರದೊಳಗಿನಿಂದ ಕೊಕ್ ಎಂದು ಸದ್ದು ಬಂತು. ಈ ಸಲ ಅವನಿಗೆ ಸಿಟ್ಟೇ ಬಂತು.

“ಅಮ್ಮಾ, ಕಲೆ ಅಂದ್ರೆ ಹುಡುಗಾಟ ಅಲ್ಲ. ನಗು ಕಲೆಯೇ ಅಲ್ಲವಂತೆ.”

“ಹಾಗಂತ ಯಾರು ಹೇಳಿದ್ದು?”

“ತಕ್ಕಡಿಯವರು. ಪೇಪರಿನಲ್ಲೇ ಬರೆದಿದ್ದಾರೆ. ನಿಮಗೆ ಗೊತ್ತಾಗೋದಿಲ್ಲ, ಸುಮ್ನಿರಿ.”

ಆಕೆ ಅವನನ್ನು ಒಂದು ಥರ ನೋಡಿದರು. ಆಮೇಲೆ ಸದ್ದಿಲ್ಲ. ಎಡಕ್ಕಿದ್ದ ಕನ್ನಡಕದವನು ಮಾತ್ರ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ನರಳುತ್ತಿದ್ದ. ಆ ನರಳಿಕೆ ಕೇಳಿದಾಗಲೆಲ್ಲ ನಗೆಯಣ್ಣನಿಗೆ ಧೈರ್ಯ ಬರುತ್ತಿತ್ತು.

ಪರದೆ ಬಿದ್ದಾಗ ನಾಟಕ ಇರಬೇಕಾದ್ದಕ್ಕಿಂತ ಒಂದೂವರೆ ಪಟ್ಟು ಉದ್ದವಾಗಿತ್ತು, ಆ ನರಳಿಕೆ ಬಿಟ್ಟರೆ ಸಭಾಂಗಣದಲ್ಲಿ ಒಂದು ಕೆಮ್ಮೂ ಕೇಳಿಸಿರಲಿಲ್ಲ. ಗೆದ್ದೆ ಎಂದುಕೊಂಡ ನಗೆಯಣ್ಣ. ಜನರ ಕಣ್ಣಿಗೆ ಬೀಳದಂತೆ ಹಿಂಬಾಗಿಲಿನಿಂದ ವೇಷದ ಕೋಣೆಗೆ ನುಗ್ಗಿ, ನೇತುಹಾಕಿದ್ದ ರಾಜವೇಷಗಳ ಹಿಂದೆ ಕೂತು ಬೆವರು ಒರೆಸಿಕೊಂಡ. ಇನ್ನು ಇವೆಲ್ಲ ತನ್ನ ಉಸ್ತುವಾರಿ ಎಂದು ಒಂದು ಜರಿಯ ಅಂಗಿಯನ್ನು ಪ್ರೀತಿಯಿಂದ ಸವರಿದ.

ಅಷ್ಟರಲ್ಲಿ ನಟರು ವೇಷ ಕಳಚಲು ಒಳಗೆ ಬಂದರು. ಅವರ ಹಿಂದೆಯೇ ಯಜಮಾನರು ಕನ್ನಡಕದವನನ್ನು ಕೈಹಿಡಿದು ಕರೆತಂದು, ಮುರಿಯದ ಒಂದೇ ಒಂದು ಕುರ್ಚಿಯಲ್ಲಿ ಕೂರಿಸಿದರು. ನಾಟಕ ಹೇಗನ್ನಿಸಿತೆಂದು ಕೈಮುಗಿದು ಕೇಳಿದರು. ಅವನು ಕೆನ್ನೆಯಿಂದ ಕೈ ತೆಗೆಯದೆ, ಪಕ್ಕದ ಕಟ್ಟಡದ ಹಲ್ಲಿನ ಡಾಕ್ಟರು ಸಾಯಂಕಾಲ ಬರುತ್ತಾರೆಂದು ಹೇಳಿದ್ದರಿಂದ ಅಲ್ಲಿಯವರೆಗೆ ನೆರಳಲ್ಲಿ ಕೂರೋಣವೆಂದು ಟಿಕೆಟ್ ಕೊಂಡೆ, ನಾಟಕ ನೋಡಲಿಲ್ಲ, ಈಗ ಅವರು ಬಂದಿರಬಹುದು, ಬಿಟ್ಟರೆ ಉಪಕಾರವಾಗುತ್ತದೆ ಎಂದ. ಅವನು ಎದ್ದು ಹೋದ ಮೇಲೂ ಯಜಮಾನರ ಕೈ ಮುಗಿದದ್ದು ಮುಗಿದ ಹಾಗೆಯೇ ಇತ್ತು.

“ನೀವು ಹುಡುಕ್ತಿರೋದು ನನ್ನನ್ನ ಇರಬೇಕು” ಎಂದು ಬಾಗಿಲಲ್ಲಿ ದನಿ ಕೇಳಿತು. ಕೈಚೀಲದ ಹೆಂಗಸು ಒಳಗೆ ಬಂದರು. “ತಕ್ಕಡಿ ನಾನೇ.”

ರಾಜವೇಷಗಳ ಹಿಂದೆ ನಗೆಯಣ್ಣ ಜರಿಯ ಅಂಗಿಯನ್ನು ಮುಖದ ಮುಂದೆ ಎಳೆದುಕೊಂಡ.

ಆಕೆ ಖಾಲಿಯಾದ ಕುರ್ಚಿಯಲ್ಲಿ ಕೂತು, ಇಷ್ಟು ಹೊತ್ತು ತಡೆದಿಟ್ಟಿದ್ದನ್ನೆಲ್ಲ ಬಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಇಷ್ಟು ವರ್ಷದಲ್ಲಿ ಇಂಥ ಹಾಸ್ಯ ನೋಡಿರಲಿಲ್ಲವಂತೆ. ಅಳುವವರನ್ನು ಅಳುವವರ ಪಾಡಿಗೆ ಬಿಟ್ಟು, ಮಂಚದ ಕೈಯಲ್ಲಿ ನಿಜ ಹೇಳಿಸಿದ ಜಾಣತನ ದೊಡ್ಡದಂತೆ. ಪ್ರತಿ ಪೆಟ್ಟಿನ ನಂತರ ನಟರು ಬಂಡೆಯ ಹಾಗೆ ನಿಂತು ಪ್ರೇಕ್ಷಕರನ್ನೇ ನೋಡುವ ಧೈರ್ಯ ಬೇರೆ ಯಾವ ಕಂಪನಿಗೂ ಇಲ್ಲವಂತೆ. ಬಾಡಿಗೆ ನಗುವಿನವನನ್ನು ಹಿಡಿಯೋಣವೆಂದೇ ಮೂರನೇ ಸಾಲಿನಲ್ಲಿ ಕೂತಿದ್ದೆ, ಅಂಥವನು ಅಲ್ಲಿರಲೇ ಇಲ್ಲ, ನನ್ನ ಗುಮಾನಿ ತಪ್ಪಾಗಿತ್ತು, ಅದನ್ನೂ ಬರೆಯುತ್ತೇನೆ ಎಂದರು.

ಯಜಮಾನರ ಮುಖದಲ್ಲಿ ದುಃಖ, ಅವಮಾನ, ಲೆಕ್ಕಾಚಾರ ಒಂದಾದ ಮೇಲೊಂದು ಹಾದುಹೋದವು. ಕೊನೆಗೆ ಲೆಕ್ಕಾಚಾರ ನಿಂತಿತು. “ನೀವೊಬ್ಬರೇ ಅರ್ಥ ಮಾಡಿಕೊಂಡಿರಿ. ನಾನು ಬರೆದಿದ್ದೇ ಹಾಸ್ಯ ಅಂತ” ಎಂದರು.

“ಒಂದೇ ಒಂದು ಕೊರತೆ” ಎಂದರು ತಕ್ಕಡಿ. “ನನ್ನ ಪಕ್ಕದಲ್ಲಿ ಒಬ್ಬ ಕೂತಿದ್ದ. ನಗೋದಕ್ಕೆ ಬಿಡ್ಲಿಲ್ಲ. ನಾನು ಬರೆದಿದ್ದನ್ನ ನನಗೇ ಪಾಠ ಹೇಳಿದ, ಅದೂ ತಪ್ಪಾಗಿ. ಇಡೀ ಸಭೆ ಅವನ ಸುಟ್ಟ ಮುಖ ನೋಡಿ ಕಲ್ಲಾಗಿ ಕೂತಿತ್ತು. ಯಾರ್ರೀ ಅವನು?”

“ಯಾರೋ ಅರಸಿಕ ಇರಬೇಕಮ್ಮ” ಎಂದರು ಯಜಮಾನರು. “ನಮ್ಮವನಲ್ಲ. ನಾಳೆಯಿಂದ ಬಾಗಿಲಲ್ಲೇ ತಡೀತೀವಿ.”

ಬೆಳಗಿನಿಂದ ತುಂಬಿ ನಿಂತಿದ್ದ ನಗೆಯಣ್ಣನ ಹೊಟ್ಟೆಗೆ ಇಷ್ಟು ಸಾಕಾಯಿತು. ಅವನು ಬೋಲ್ಟು ನೆನೆದ, ಭಾವನನ್ನು ನೆನೆದ, ಜರಿಯ ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡ. ಯಾವುದೂ ನಡೆಯಲಿಲ್ಲ. ಗುಡುಗುಡು ಎಂದು ಎದ್ದು, ಸೀಟಿ ಹೊಡೆದು, ಭಳ್ಳೆಂದು ಒಡೆಯಿತು. ನಗು ಕೇಳಿದ್ದೇ ತಡ, ಹಗಲೆಲ್ಲ ಅದಕ್ಕಾಗಿ ಕಾದು ಸುಸ್ತಾಗಿದ್ದ ನಟರು, ಸತ್ತ ತಂದೆಯೂ ಸೇರಿದಂತೆ, ಬಿದ್ದು ಬಿದ್ದು ನಗತೊಡಗಿದರು.

ನಗದೆ ಉಳಿದವರು ತಕ್ಕಡಿಯೊಬ್ಬರೇ. ಅವರು ಎದ್ದು ಹೋಗಿ ರಾಜವೇಷವನ್ನು ಸರಿಸಿ ನೋಡಿದರು.

“ಓ, ನೀವೇ” ಎಂದರು. “ಈ ಸೀಟಿ ನನಗೆ ಚೆನ್ನಾಗಿ ಗೊತ್ತು. ಹೋದ ತಿಂಗಳು ಇದನ್ನೇ ಕೇಳಿದ್ದೆ.” ಆಮೇಲೆ ಯಜಮಾನರ ಕಡೆ ತಿರುಗಿ ಬಹಳ ಮೆಲ್ಲಗೆ ಕೇಳಿದರು. “ನಗಬೇಕಾದಾಗ ನಗಿಸೋಕೂ ಇವರೇ, ನಗಬಾರದು ಅಂದಾಗ ಬಾಯಿ ಮುಚ್ಚಿಸೋಕೂ ಇವರೇ. ಹಾಗಾದ್ರೆ ನಾನು ನೋಡಿದ ಆ ಮೌನ ನಾಟಕದ್ದೋ, ಇವರ ಸಂಬಳದ್ದೋ?”

ಆಕೆ ಕೈಚೀಲ ಎತ್ತಿಕೊಂಡರು. ಏನು ಬರೆಯಬೇಕೆಂದು ಈಗ ಗೊತ್ತಾಯಿತು ಎಂದು ಹೇಳಿ ಹೊರಟರು. ಹೋಗುವ ರಭಸಕ್ಕೆ ಬಾಗಿಲು ಜೋರಾಗಿ ಬಡಿದುಕೊಂಡಿತು. ಆ ಕಟ್ಟಡದಲ್ಲಿ ಬೀಳದೆ ನಿಂತ ಬಾಗಿಲು ಅದೊಂದೇ.

ಆಮೇಲಿನ ಮಾತುಕತೆ ದೀರ್ಘವಾಗಿರಲಿಲ್ಲ. ಸಭೆಯಲ್ಲಿ ಯಾಕೆ ನಗಲಿಲ್ಲ ಎಂದು ಯಜಮಾನರು ಮೊದಲು ಬೈದರು, ಇಲ್ಲಿ ಯಾಕೆ ನಕ್ಕೆ ಎಂದು ಆಮೇಲೆ ಬೈದರು, ನಾಳೆಯಿಂದ ಬರಬೇಡ ಎಂದು ಮುಗಿಸಿದರು. ನಗೆಯಣ್ಣನಿಗೆ ನಿಜಕ್ಕೂ ದುಃಖವಾಯಿತು. ಗುಂಡಿ ಡಬ್ಬಿಯನ್ನು ಕಿಟಕಿಯ ಮೇಲಿಟ್ಟು, ಇಸ್ತ್ರಿಪೆಟ್ಟಿಗೆ ಆರಿದೆಯೇ ಎಂದು ಮುಟ್ಟಿ ನೋಡಿ, ಮನೆಯ ದಾರಿ ಹಿಡಿದ. ಈಗ ಮುಖಕ್ಕೆ ಅಭ್ಯಾಸ ಬೇಕಿರಲಿಲ್ಲ.

ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಳಗೆ ಬೀದಿಯ ಅರ್ಧ ಜನ ತಲೆ ತಗ್ಗಿಸಿ ಕೂತಿದ್ದರು, ನಡುವೆ ಪೋಸ್ಟ್‌ಮಾಸ್ತರರು. ಯಾರೂ ಸತ್ತಿಲ್ಲ ಎಂದು ಹೆಂಡತಿ ಮಧ್ಯಾಹ್ನದಿಂದ ಹೇಳಿ ಹೇಳಿ ಸೋತು, ಕೊನೆಗೆ ತನ್ನಿಂದ ನಿಜವಾಗಿಯೂ ಏನನ್ನೋ ಮುಚ್ಚಿಟ್ಟಿದ್ದಾರೆಂದು ತಾನೂ ನಂಬಿಬಿಟ್ಟಿದ್ದಳು. ಗಂಡನ ಮುಖ ಕಂಡವಳೇ ಸೆರಗಿನ ತುದಿ ಹಿಡಿದು ಎದ್ದು ಬಂದಳು.

“ಏನಾಯ್ತು ಅಂತ ಈಗಲಾದರೂ ನಿಜ ಹೇಳ್ರೀ. ನಾನು ತಡ್ಕೋತೀನಿ.”

ನಗೆಯಣ್ಣ ಎಲ್ಲರನ್ನೂ ಒಮ್ಮೆ ನೋಡಿ ನಿಜವನ್ನೇ ಹೇಳಿದ.

“ನಗದೇ ಇದ್ದದ್ದಕ್ಕೆ ಬೈದರು. ನಕ್ಕಿದ್ದಕ್ಕೆ ಕೆಲಸದಿಂದ ತೆಗೆದರು.”

ಮೊದಲು ಪೋಸ್ಟ್‌ಮಾಸ್ತರರ ಹೆಗಲು ಅಲುಗಿತು. ಅವರ ಪಕ್ಕದವರು ಅವರ ಮೇಲೆ ಒರಗಿದರು. ಹೆಂಡತಿ ಗೋಡೆಗೆ ಆತುಕೊಂಡು, ಬೆಳಗಿನಿಂದ ಹೆದರಿಸಿದ್ದು ಇದಕ್ಕಾ ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಇಡೀ ಮನೆ ನಕ್ಕಿತು. ಇಷ್ಟು ವರ್ಷಗಳಲ್ಲಿ ಅವನು ಮೊದಲು ನಗದೆಯೇ ಜನ ನಕ್ಕದ್ದು ಅದೇ ಮೊದಲು.

ನಗೆಯಣ್ಣ ನಡುಮನೆಯಲ್ಲಿ ನಿಂತು, ನಟರು ನಿಲ್ಲುತ್ತಿದ್ದ ಹಾಗೆಯೇ, ನಗು ಮುಗಿಯಲೆಂದು ಕಾದ. ಸದ್ದು ಅಡಗಿದ ಮೇಲೆ ಮುಂದಿನ ಮಾತು ಹೇಳಿದ.

“ನಾಳೆಯಿಂದ ನಿಮ್ಮಣ್ಣನ ಅಂಗಡಿಗೆ ಹೋಗ್ತೀನಿ ಕಣೇ.”

ಅದಕ್ಕೆ ಬಂದ ನಗು ಮೊದಲಿನದಕ್ಕಿಂತ ಜೋರಾಗಿತ್ತು.